ಹೊರಗಿನ ನಲ್ಲಿ

ಶಾಲೆಯ ಹೆಡ್ ಮೇಡಂ ತಲೆಗೆ ಬಣ್ಣ ಹಚ್ಚಿಸಿಕೊಂಡು, ಕುತ್ತಿಗೆಗೆ ಟವೆಲು ಸುತ್ತಿಕೊಂಡು ಪಾರ್ಲರಿನ ಕನ್ನಡಿಯ ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಬಣ್ಣ ಹಿಡಿಯಲು ಅರ್ಧ ಗಂಟೆ ಬೇಕು. ಹೊತ್ತು ಹೋಗಲೆಂದು ಮೂಲೆಯಲ್ಲಿದ್ದ ಗಾಜಿನ ಮೀನಿನ ತೊಟ್ಟಿಯ ಕಡೆ ತಿರುಗಿದರು. ಅಲ್ಲಿ ಒಂದು ಕರಿ ಮೀನು ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿತ್ತು. ಇನ್ನೆರಡು ಮೀನು ಅದರ ಬಾಲವನ್ನು ಕಚ್ಚಿ ಎಳೆದಾಡುತ್ತಿದ್ದವು. ಮೇಡಂ ಕಿರುಚಿದ ರಭಸಕ್ಕೆ ಸೊಸೆಯ ಕೈಯಲ್ಲಿದ್ದ ಬಣ್ಣದ ಬಟ್ಟಲು ನೆಲಕ್ಕೆ ಬಿತ್ತು.

"ಅಯ್ಯಯ್ಯೋ, ಸತ್ತಿದೆ! ಸತ್ತಿರೋದನ್ನ ತಿಂತಾ ಇವೆ!"

ಅಡುಗೆಮನೆಯಿಂದ ಅತ್ತೆ ಕತ್ತರಿಯಮ್ಮ ಬಂದಳು. ಮೂವತ್ತೊಂದು ವರ್ಷ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸಿ ನಿವೃತ್ತಳಾದ ಹೆಂಗಸು. ಅವಳ ನಿಜವಾದ ಹೆಸರು ಸಂಬಳದ ಚೀಟಿಯ ಮೇಲೆ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಟೀ ಸೋಸುವ ಹಳೆಯ ಜಾಲರಿಯಿಂದ ಸತ್ತ ಮೀನನ್ನು ಎತ್ತಿದಳು, ಕಾಗದದಲ್ಲಿ ಸುತ್ತಿದಳು, ಅಂಗಳಕ್ಕೆ ಹೋದಳು. ಎರಡು ತಿಂಗಳಲ್ಲಿ ಇದು ಐದನೆಯದು. ಹನ್ನೆರಡು ಇದ್ದದ್ದು ಏಳಕ್ಕೆ ಇಳಿಯಿತು.

ಸಂಜೆ ಊಟಕ್ಕೆ ಕೂತಾಗ ಮಗ ವಿಷಯ ಎತ್ತಿದ. ಅವನು ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಕತ್ತಲ ಗೂಡುಗಳಲ್ಲಿ ಹಗ್ಗ, ಗಾಲಿಗಳ ನಡುವೆ ನಿಂತು ಬಂದವನಿಗೆ ಮನೆಯಲ್ಲಿ ಎಲ್ಲವೂ ಗುಂಡಿ ಒತ್ತಿದ ಕೂಡಲೇ ಸರಿಹೋಗಬೇಕು.

"ಅಮ್ಮ, ಒಂದನೇ ತಾರೀಕು ಪಾರ್ಲರಿಗೆ ಎರಡನೇ ಕುರ್ಚಿ ಬರ್ತಿದೆ. ಇಡೋಕೆ ಇರೋದು ಆ ಮೂಲೆ ಒಂದೇ. ತೊಟ್ಟೀನ ಯಾರಿಗಾದ್ರೂ ಕೊಟ್ಬಿಡೋಣ."

"ನನ್ನ ಮೀನು ನಿನ್ನ ತಟ್ಟೆಗೆ ಬಂದಿದ್ವಾ?"

"ಗಿರಾಕಿ ಎದುರಿಗೆ ಬರ್ತಿವೆಯಲ್ಲ! ತಲೆ ಬಾಚಿಸ್ಕೊಳ್ಳೋಕೆ ಬಂದೋರಿಗೆ ದಿನಾ ಹೆಣ ತೋರಿಸ್ತೀಯಾ?"

"ರೀ, ಊಟದ ಹೊತ್ತಲ್ಲಿ ಬೇಡ," ಎಂದಳು ಸೊಸೆ, ಗಂಡನ ತಟ್ಟೆಗೆ ಇನ್ನೊಂದು ಬೇಯಿಸಿದ ಮೊಟ್ಟೆ ಇಡುತ್ತ. "ಕುರ್ಚಿ ಎಲ್ಲಾದ್ರೂ ಇಟ್ಕೋಬಹುದು."

"ಎಲ್ಲಿ? ಮಾಡಿನ ಮೇಲಾ?"

ಕತ್ತರಿಯಮ್ಮ ಬೇಳೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ಕೇಳಿಸ್ಕೊ. ಕುರ್ಚಿ ಬರೋ ದಿನ ಆ ತೊಟ್ಟಿಯಲ್ಲಿ ಒಂದೇ ಒಂದು ಮೀನು ಸತ್ತು ತೇಲ್ತಿದ್ರೂ ನಾನೇ ಖಾಲಿ ಮಾಡ್ತೀನಿ. ನನ್ನ ಕೈಯಾರೆ. ನೀನು ಮುಟ್ಟೋದೇ ಬೇಡ. ಅಲ್ಲಿವರೆಗೆ ನನ್ನ ಮೀನಿನ ಸುದ್ದಿಗೆ ಬರಬೇಡ."

ಎದುರಿಗೆ ಕೂತಿದ್ದ ಮೊಮ್ಮಗಳು, ಹತ್ತು ವರ್ಷದ ಚೂಟಿ, ಬೆರಳು ಎಣಿಸಿ, "ಇಪ್ಪತ್ತಾರು ದಿನ ಇದೆ ಅಜ್ಜಿ," ಎಂದಳು.

"ಸಾಕಷ್ಟಾಯ್ತು."

ಸಾಕೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಆದರೆ ಕತ್ತರಿಯಮ್ಮ ಬಾಯಿಂದ ಬಿಟ್ಟ ಮಾತನ್ನು ವಾಪಸು ನುಂಗಿದ ಚರಿತ್ರೆ ಆ ಮನೆಯಲ್ಲಿರಲಿಲ್ಲ.

ಆ ತೊಟ್ಟಿ ಅವಳ ನಿವೃತ್ತಿಯ ಉಡುಗೊರೆ. ಕಾರ್ಖಾನೆಯಲ್ಲಿ ನಿವೃತ್ತರಾದವರಿಗೆಲ್ಲ ಗೋಡೆ ಗಡಿಯಾರ ಕೊಡುತ್ತಿದ್ದರು. "ಮೂವತ್ತೊಂದು ವರ್ಷ ಗಡಿಯಾರ ನೋಡಿದ್ದು ಸಾಲದಾ? ನನಗೆ ಬೇಡ, ಮೀನು ಕೊಡಿ," ಎಂದು ಇವಳು ಕೇಳಿದ್ದಳು. ಜೊತೆಯವರು ನಕ್ಕು, ಚಂದಾ ಎತ್ತಿ, ಗಾಜಿನ ತೊಟ್ಟಿ ಮತ್ತು ನಾಲ್ಕು ಕರಿ ಮೋಲಿ ಮೀನು ತಂದುಕೊಟ್ಟರು. ನಾಲ್ಕು ಹನ್ನೆರಡಾದವು. ಅವುಗಳಲ್ಲಿ ದಪ್ಪ ಹೊಟ್ಟೆಯ ಹೆಣ್ಣೊಂದು ಮೂಲೆಮೂಲೆಗೆ ಹೋಗಿ ಎಲ್ಲರ ಕೆಲಸ ಪರಿಶೀಲಿಸುವಂತೆ ಸುತ್ತುತ್ತಿದ್ದುದರಿಂದ ಅದಕ್ಕೆ 'ಸೂಪರ್‌ವೈಸರ್' ಎಂದು ಹೆಸರಾಯಿತು. ಐದು ವರ್ಷ ಬಾವಿಯ ನೀರಿನಲ್ಲಿ ಅವು ಕಲ್ಲುಗುಂಡಿನ ಹಾಗೆ ಇದ್ದವು. ಮನೆಯಲ್ಲಿ ಎಲ್ಲರ ಬೇಕುಬೇಡ ನೋಡಿಕೊಂಡು ಬಂದವಳಿಗೆ, ಇದು ತನ್ನದು ಎಂದು ಹೇಳಿಕೊಳ್ಳಲು ಸಿಕ್ಕಿದ್ದು ಆ ಗಾಜಿನ ಡಬ್ಬಿ ಒಂದೇ.

ಎರಡು ತಿಂಗಳ ಹಿಂದೆ ಮನೆಗೆ ನೀರು ಮೆದು ಮಾಡುವ ಮಷೀನು ಬಂದದ್ದು ಸೊಸೆಯ ಕೆಲಸಕ್ಕಾಗಿ. ಮುಂದಿನ ಕೋಣೆಯಲ್ಲಿ ಅವಳ ಕೂದಲಿನ ಪಾರ್ಲರ್. ಬಾವಿಯ ನೀರು ಎಷ್ಟು ಗಡಸೆಂದರೆ ಶಾಂಪೂ ನೊರೆ ಬರುತ್ತಿರಲಿಲ್ಲ, ತೊಳೆದ ಕೂದಲು ತೆಂಗಿನ ನಾರಿನಂತೆ ನಿಲ್ಲುತ್ತಿತ್ತು. ಸೊಸೆ ಎರಡು ವರ್ಷ ಕೂಡಿಟ್ಟು ಮಷೀನು ತಂದಳು. ಬಾವಿಯ ಮೋಟಾರಿನಿಂದ ಬಂದ ನೀರು ಆಳೆತ್ತರದ ಸಿಲಿಂಡರಿನೊಳಗೆ ಹೋಗಿ, ಸುಣ್ಣ ಕಳಕೊಂಡು ಮನೆಗೆ ಬರುತ್ತದೆ. ತಿಂಗಳಿಗೊಂದು ಸಲ ಅದರ ಪಕ್ಕದ ಡಬ್ಬಕ್ಕೆ ಒಂದು ಚೀಲ ಉಪ್ಪು ಸುರಿಯಬೇಕು. ಪ್ಲಂಬರ್ ಬಂದ ದಿನ ಸೊಸೆ ಸಾಮಾನು ತರಲು ಪೇಟೆಗೆ ಹೋಗಿದ್ದಳು. ಅವನ ತಲೆಯ ಮೇಲೆ ನಿಂತು ಕೆಲಸ ಮಾಡಿಸಿದ್ದು ಕತ್ತರಿಯಮ್ಮನೇ. ಸಂಜೆಯ ಹೊತ್ತಿಗೆ ಅಡುಗೆಮನೆ, ಬಚ್ಚಲು, ಪಾರ್ಲರ್ ಮಾತ್ರವಲ್ಲ, ಅಂಗಳದಲ್ಲಿ ಗಿಡಕ್ಕೆ ಬಿಡುವ ನಲ್ಲಿಯಲ್ಲೂ ಮೆದು ನೀರೇ ಬಂತು. ಸೊಸೆ ಅಂದು ತನ್ನ ಕೂದಲನ್ನೇ ಎರಡು ಸಲ ತೊಳೆದುಕೊಂಡು, ಒರೆಸಿಕೊಳ್ಳದೆ ಮನೆಯೆಲ್ಲ ಓಡಾಡಿದ್ದಳು.

ಮೀನು ಸಾಯುವುದಕ್ಕೂ ಮಷೀನಿಗೂ ಸಂಬಂಧ ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಮೆದು ಎಂದರೆ ಒಳ್ಳೆಯದು ತಾನೆ?

ಮಾತು ಕೊಟ್ಟ ಮರುದಿನವೇ ಕತ್ತರಿಯಮ್ಮ ಮೀನಿನ ಅಂಗಡಿಗೆ ಹೋದಳು. ಅಂಗಡಿಯವ ಪ್ಲಾಸ್ಟಿಕ್ ಚೀಲಕ್ಕೆ ಗಾಳಿ ತುಂಬುತ್ತಲೇ ಕೇಳಿಸಿಕೊಂಡ.

"ಏನು ಮಾಡ್ತವೆ?"

"ನಿಂತಲ್ಲೇ ನಡುಗ್ತವೆ. ರೆಕ್ಕೆ ಮುಚ್ಕೊಂಡು ಒಂದೇ ಕಡೆ ಮೈ ಅಲ್ಲಾಡಿಸ್ತವೆ. ಮೂರು ದಿನಕ್ಕೆ ಹೋಗ್ತವೆ."

"ನೀರು?"

"ಬಾವಿದು. ಈಗ ಮಷೀನ್ ಹಾಕಿ ಮೆದು ಮಾಡಿದ್ದೀವಿ."

"ಮೆದು ನೀರಾ? ಭೇಷ್! ಮೀನಿಗೆ ಅದೇ ಬೇಕು. ಹಾಗಾದ್ರೆ ಇದು ಜ್ವರ," ಎಂದು ನೀಲಿ ಔಷಧಿಯ ಸೀಸೆ ಕೊಟ್ಟ. "ವಾರಕ್ಕೆರಡು ಸಲ ಅರ್ಧ ನೀರು ಬದಲಾಯಿಸಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಕತ್ತರಿಯಮ್ಮ ವಾರಕ್ಕೆರಡು ಸಲ ಅಲ್ಲ, ಮೂರು ಸಲ ನೀರು ಬದಲಾಯಿಸಿದಳು. ಬಕೆಟ್ಟಿನ ಮೇಲೆ ಬಕೆಟ್ಟು ಹೊತ್ತು ಸೊಂಟ ಹಿಡಿಯಿತು. ಸೊಸೆ ಪಾರ್ಲರ್ ಮುಚ್ಚಿದ ಮೇಲೆ ಬಂದು, "ಕೊಡಿ ಅತ್ತೆ, ನಾನು ಹೊರ್ತೀನಿ," ಎಂದು ತಾನೇ ತುಂಬಿ ತಂದು ಸುರಿದಳು. ಅವರು ಹೆಚ್ಚು ಆರೈಕೆ ಮಾಡಿದಷ್ಟೂ ಮೀನು ಹೆಚ್ಚು ನಡುಗಿದವು. ಹತ್ತು ದಿನದಲ್ಲಿ ಇನ್ನೆರಡು ಹೋದವು. ಉಳಿದದ್ದು ಐದು. ಸೂಪರ್‌ವೈಸರ್ ಬಸುರಿ. ಊದಿದ ಹೊಟ್ಟೆ ಹೊತ್ತುಕೊಂಡು ತಳದ ಕಲ್ಲಿನ ಪಕ್ಕ ನಿಂತುಬಿಟ್ಟಿತ್ತು, ಸುತ್ತುವುದನ್ನೇ ಬಿಟ್ಟಿತ್ತು.

ಆ ರಾತ್ರಿ ಕತ್ತರಿಯಮ್ಮ ಊಟ ಬೇಡವೆಂದಳು. ಅವಳಿಗೆ ಅಳು ಬಂದಿತ್ತು. ಮೀನಿಗೆ ಅಳುವವಳು ಎಂದು ಮಗ ನಗಬಾರದೆಂದು ತಲೆನೋವೆಂದು ಸುಳ್ಳು ಹೇಳಿದಳು.

ಭಾನುವಾರ ಬೆಳಿಗ್ಗೆ ಕೆಟಲ್ ಉಜ್ಜುವುದು ಮೂವತ್ತು ವರ್ಷದಿಂದ ಅವಳ ಕೆಲಸ. ಗಡಸು ನೀರು ಕಾಯಿಸಿ ಕಾಯಿಸಿ ಕೆಟಲ್ಲಿನ ಒಳಗೆಲ್ಲ ಬಿಳಿ ಸುಣ್ಣದ ಹಕ್ಕಳೆ ಕಟ್ಟುತ್ತಿತ್ತು. ವಿನೆಗರ್ ಸುರಿದು, ಶಾಪ ಹಾಕಿ, ಕೆರೆದು ತೆಗೆಯಬೇಕು. ಅಂದೂ ಅಭ್ಯಾಸಬಲದಿಂದ ವಿನೆಗರ್ ಸೀಸೆ ಹಿಡಿದು ಕೂತಳು. ಕೆಟಲ್ ತಳ ಕನ್ನಡಿಯಂತಿತ್ತು. ಎರಡು ತಿಂಗಳಿಂದ ಹಾಗೇ ಇತ್ತು. ಇಷ್ಟು ದಿನ ಖುಷಿಯಾಗುತ್ತಿದ್ದವಳಿಗೆ ಅಂದು ಏಕೋ ಕೈ ನಿಂತಿತು.

"ಚೂಟಿ, ಇಲ್ಲಿ ಬಾ. ತೊಟ್ಟಿಯಲ್ಲಿ ಬಸವನಹುಳ ಎಷ್ಟಿವೆ?"

"ಎರಡು. ಮೊದಲು ರಾಶಿ ಇತ್ತು. ಇವುಕ್ಕೂ ಮೈ ಸರಿ ಇಲ್ಲ ಅಜ್ಜಿ, ಚಿಪ್ಪು ತೂತಾಗಿದೆ."

ಚೂಟಿ ತೊಟ್ಟಿಯ ತಳದಿಂದ ಒಂದು ಖಾಲಿ ಚಿಪ್ಪು ಎತ್ತಿ ತಂದಳು. ಅದು ಹಳೆಯ ಬಟ್ಟೆ ಹುಳ ತಿಂದಂತೆ ಸವೆದು, ತುದಿ ಬೆಳ್ಳಗಾಗಿತ್ತು. ಬೆರಳು ತಾಗಿದರೆ ಅಂಚು ಪುಡಿಯಾಯಿತು.

"ಚಿಪ್ಪು ಯಾವುದ್ರಿಂದ ಆಗತ್ತೆ?"

"ಸುಣ್ಣದಿಂದ. ಮೊಟ್ಟೆ ಓಡೂ ಅದೇ. ವಿನೆಗರ್ ಹಾಕಿದ್ರೆ ಬುರುಬುರು ಅನ್ನತ್ತೆ. ಶಾಲೇಲಿ ಮಾಡಿದ್ದೀವಿ."

ಕತ್ತರಿಯಮ್ಮ ಸ್ಟೂಲು ಹತ್ತಿ ಅಟ್ಟದಿಂದ ಸುಟ್ಟುಹೋದ ಹಳೆಯ ಕೆಟಲ್ ಇಳಿಸಿದಳು. ಒಳಗೆ ಬೆರಳು ದಪ್ಪ ಹಕ್ಕಳೆ ಇನ್ನೂ ಇತ್ತು. ಒಂದು ಚೂರು ಕೆರೆದು ತಟ್ಟೆಗೆ ಹಾಕಿದಳು. ಪಕ್ಕದಲ್ಲಿ ಮೊಟ್ಟೆಯ ಓಡು, ಅದರ ಪಕ್ಕದಲ್ಲಿ ಬಸವನಹುಳದ ಚಿಪ್ಪು. ಮೂರಕ್ಕೂ ವಿನೆಗರ್ ಬಿಟ್ಟಳು. ಮೂರೂ ಒಂದೇ ರೀತಿ ಬುರುಗು ಕಾರಿದವು.

ಅಜ್ಜಿ, ಮೊಮ್ಮಗಳು ಮುಖ ಮುಖ ನೋಡಿಕೊಂಡರು. ಕೆಟಲ್ಲಿಗೆ ಹತ್ತುತ್ತಿದ್ದ ಸುಣ್ಣವೇ ಹುಳದ ಚಿಪ್ಪಾಗುತ್ತಿತ್ತು. ಮಷೀನು ಅದನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿತ್ತು.

ಅವಳು ಅಂಥದೇ ಇನ್ನೊಂದು ಖಾಲಿ ಚಿಪ್ಪನ್ನು ಹಿಡಿದು ಅಂಗಡಿಯವನ ಮುಂದೆ ನಿಂತಳು. ಅವನು ತಲೆ ಕೆರೆದುಕೊಂಡ. ಉಪ್ಪಿನ ಚೀಲದ ಮಾತು ಕೇಳಿದ ಮೇಲಂತೂ ಸೀಸೆಗಳನ್ನು ಸುಮ್ಮನೆ ಸರಿಸಿಟ್ಟ.

"ಉಪ್ಪು ಹಾಕೋ ಮಷೀನಾ? ಅದು ಬೇರೆ ಅಮ್ಮ. ಮಳೆ ನೀರಿನ ಮೆದು ಅಲ್ಲ ಅದು. ಸುಣ್ಣ ತಗೊಂಡು ಅದರ ಜಾಗದಲ್ಲಿ ಉಪ್ಪಿನ ಅಂಶ ಬಿಡತ್ತೆ. ನಿಮ್ಮ ಮೋಲಿಗೆ ಸುಣ್ಣದ ನೀರೇ ಜೀವ. ನಾನು ಸರಿಯಾಗಿ ಕೇಳಲಿಲ್ಲ."

"ನೀನು ಕೇಳದೆ ಹೋಗಿದ್ದಕ್ಕೆ ಎರಡು ಹೋದವು."

"ತಪ್ಪಾಯ್ತು. ಬಾವಿ ನೀರು ನೇರ ಹಾಕಿ. ಆದ್ರೆ ಒಂದೇ ಸಲ ಸುರೀಬೇಡಿ, ದಿನಕ್ಕೆ ಎರಡು ಮೂರು ಚೊಂಬು, ಅಷ್ಟೇ. ದಿಢೀರ್ ಅಂತ ಬದಲಾದ್ರೆ ಇರೋವೂ ಹೋಗ್ತವೆ."

ಮನೆಗೆ ಬರುವಷ್ಟರಲ್ಲಿ ಕತ್ತರಿಯಮ್ಮನ ಸಿಟ್ಟು ನೆತ್ತಿಗೇರಿತ್ತು. ನಿಧಾನವಾಗಿ ಹೇಳಬೇಕೆಂದುಕೊಂಡಿದ್ದಳು. ಆದರೆ ಸೊಸೆ ಟೀ ಕೊಟ್ಟಳು, ಅದು ಎರಡು ತಿಂಗಳಿಂದ ಇದ್ದ ಹಾಗೆ ಅಂದೂ ಸಪ್ಪೆಯಾಗಿತ್ತು. ಮಷೀನು ಬಂದ ಮೇಲೆ ಟೀ ಕೆಟ್ಟಿದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಸೊಸೆಯ ಆಸೆಯ ಮಷೀನು, ಬೆಕ್ಕಿಗೆ ಗಂಟೆ ಕಟ್ಟುವವರು ಯಾರೆಂದು ಎಲ್ಲರೂ ಸುಮ್ಮನೆ ಕುಡಿಯುತ್ತಿದ್ದರು.

"ಇದೇನು ಟೀನಾ, ಪಾತ್ರೆ ತೊಳೆದ ನೀರಾ?"

ಸೊಸೆ ಬೆಚ್ಚಿದಳು. "ಏನಾಯ್ತತ್ತೆ?"

"ನಿನ್ನ ಮಷೀನು ಆಯ್ತು. ನನ್ನ ಮೀನು ಕೊಂದಿದ್ದು ಅದೇ. ಏಳು ಜೀವ ತಿಂದಿದೆ."

"ಕೂದಲಿಗೆ ಒಳ್ಳೇದಾಗೋ ನೀರು ಮೀನನ್ನ ಕೊಲ್ಲತ್ತಾ?"

"ಕೂದಲಿಗೆ ಜೀವ ಇದೆಯೇನೇ? ಅಂಗಳದ ನಲ್ಲೀನಾದ್ರೂ ಬಿಡಬಾರದಿತ್ತಾ? ಗಿಡಕ್ಕೂ ನಿನ್ನ ಉಪ್ಪಿನ ನೀರೇ ಆಗಬೇಕಿತ್ತಾ? ಇಷ್ಟು ದುರಾಸೆ ಯಾಕೆ?"

ಸೊಸೆಯ ಮುಖ ಕೆಂಪಾಯಿತು. "ದುರಾಸೆನಾ? ಎರಡು ವರ್ಷ ಹೊಸ ಚಪ್ಪಲಿ ತಗೊಳ್ಳದೆ ಕೂಡಿಟ್ಟಿದ್ದು ದುರಾಸೆನಾ? ನಲ್ಲಿ ವಿಷಯ ನನಗೇನು ಗೊತ್ತು, ಪ್ಲಂಬರ್ ಹಾಕಿದ. ನಾನು ಬಕೆಟ್ ಹೊತ್ತಿದ್ದು ನಿಮ್ಮ ಮೀನಿಗೇ ಅಲ್ವಾ?"

"ಹೊತ್ತು ಹೊತ್ತು ಸಾಯಿಸಿದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸೊಸೆ ಟೀ ಲೋಟ ಎತ್ತಿಕೊಂಡು ಹೋಗಿ ಸಿಂಕಿಗೆ ಸುರಿದಳು. ಆಮೇಲೆ ವಾರವಿಡೀ ಆ ಮನೆಯಲ್ಲಿ ಸುದ್ದಿಯೆಲ್ಲ ಚೂಟಿಯ ಮೂಲಕವೇ ಹೋಗಬೇಕಾಯಿತು.

"ನಿಮ್ಮಜ್ಜಿಗೆ ಹೇಳು, ಅನ್ನ ಆಗಿದೆ."

"ನಿಮ್ಮಮ್ಮಂಗೆ ಹೇಳು, ಹಸಿವಿಲ್ಲ."

"ಇಬ್ರೂ ಕೇಳಿಸ್ಕೊಂಡ್ರಲ್ಲ, ನಾನ್ಯಾಕೆ ಹೇಳ್ಲಿ?" ಎಂದು ಚೂಟಿ ಇಬ್ಬರ ನಡುವೆ ಕೂತು ತಾನು ಊಟ ಮಾಡುತ್ತಿದ್ದಳು. ಮಗ ಯಾರ ಪರ ವಹಿಸಬೇಕೆಂದು ತಿಳಿಯದೆ, ಹೆಚ್ಚಿನ ಡ್ಯೂಟಿ ಕೇಳಿ ಹಾಕಿಸಿಕೊಂಡ.

ಆದರೆ ಕತ್ತರಿಯಮ್ಮ ಕೈ ಕಟ್ಟಿ ಕೂರುವವಳಲ್ಲ. ಬಾವಿಗೆ ಬೋಲ್ಟು ಹಾಕಿದ ಕಬ್ಬಿಣದ ಮುಚ್ಚಳ, ಮೋಟಾರಿನ ಪೈಪು ನೇರ ಮಷೀನಿಗೆ. ಹಸಿ ನೀರು ಎಲ್ಲೂ ಸಿಗದು. ಆಗ ಅವಳಿಗೆ ಮಷೀನಿನ ತಲೆಯ ಮೇಲಿದ್ದ ಕೆಂಪು ಹಿಡಿಕೆ ನೆನಪಾಯಿತು. ಅದನ್ನು ಎಡಕ್ಕೆ ತಿರುಗಿಸಿದರೆ ನೀರು ಮಷೀನಿನೊಳಗೆ ಹೋಗದೆ ನೇರ ಮನೆಯ ನಲ್ಲಿಗಳಿಗೆ ಬರುತ್ತದೆಂದು ಪ್ಲಂಬರ್ ತೋರಿಸಿದ್ದ. ಮರುದಿನ ಎಲ್ಲರಿಗಿಂತ ಮೊದಲು ಎದ್ದಳು. ಹಿಡಿಕೆ ಎಡಕ್ಕೆ. ಒಂದು ಬಕೆಟ್. ಹಿಡಿಕೆ ಬಲಕ್ಕೆ. ಬೆಳಿಗ್ಗೆ ಒಂದು ಚೊಂಬು, ಮಧ್ಯಾಹ್ನ ಒಂದು, ಸಂಜೆ ಒಂದು. ಯಾರಿಗೂ ಹೇಳಲಿಲ್ಲ. ಹೇಳಲು ಮಾತೇ ಇರಲಿಲ್ಲವಲ್ಲ.

ಏಳನೆಯ ದಿನ ಸೂಪರ್‌ವೈಸರ್ ಕಲ್ಲಿನ ಪಕ್ಕದಿಂದ ಹೊರಟು ತೊಟ್ಟಿಯನ್ನು ಅರ್ಧ ಸುತ್ತು ಹಾಕಿತು. ಅದನ್ನು ನೋಡಿದ ಕತ್ತರಿಯಮ್ಮ ಸಂತೋಷಕ್ಕೆ ಚೂಟಿಯನ್ನು ಎಬ್ಬಿಸಲು ಓಡಿದಳು. ಹಿಡಿಕೆ ಎಡಕ್ಕೇ ಉಳಿಯಿತು.

ಅಂದು ಹತ್ತು ಗಂಟೆಗೆ ಹೆಡ್ ಮೇಡಂ ಬಂದರು. ಸಂಜೆ ಶಾಲೆಯಲ್ಲಿ ಸಮಾರಂಭ. "ಆವತ್ತಿನ ಹಾಗೆ ಹೆದರಿಸಬೇಡಿ," ಎನ್ನುತ್ತ ತೊಟ್ಟಿಗೆ ಬೆನ್ನು ಹಾಕಿ ಕೂತರು. ಸೊಸೆ ಬಣ್ಣ ಹಚ್ಚಿ, ಕಾದು, ತೊಳೆಯಲು ಕೂತಳು. ಶಾಂಪೂ ಹಾಕಿದಳು, ನೊರೆ ಇಲ್ಲ. ಇನ್ನಷ್ಟು ಹಾಕಿದಳು. ತಲೆಯೆಲ್ಲ ಅಂಟಂಟು. ಒಣಗಿಸಿದ ಮೇಲೆ ಹೆಡ್ ಮೇಡಂ ಕೂದಲು ಹಳೆಯ ಪೊರಕೆಯ ಹಾಗೆ ನಾಲ್ಕು ದಿಕ್ಕಿಗೆ ನಿಂತಿತು.

"ಇದೇನಮ್ಮ ಇದು? ಈ ತಲೆ ಇಟ್ಕೊಂಡು ನಾನು ವೇದಿಕೆ ಹತ್ತಲಾ?"

ಮೇಡಂ ಸ್ಕಾರ್ಫ್ ಸುತ್ತಿಕೊಂಡು ಬಿರುಗಾಳಿಯಂತೆ ಹೋದರು. ಸೊಸೆ ಪ್ಲಂಬರ್‌ಗೆ ಫೋನ್ ಮಾಡಿದಳು. "ಮಷೀನ್ ಕೆಟ್ಟಿದೆ. ಈಗಲೇ ಬನ್ನಿ. ನನ್ನ ಕೆಲಸ ಮುಳುಗ್ತಿದೆ."

ಒಳಗೆ ಬೇಯಿಸಿದ ಆಲೂಗಡ್ಡೆ ಸುಲಿಯುತ್ತಿದ್ದ ಕತ್ತರಿಯಮ್ಮನಿಗೆ ಹಿಡಿಕೆ ಎಡಕ್ಕೇ ಉಳಿದದ್ದು ನೆನಪಾಯಿತು. ಎದ್ದು ಹೋಗಿ ಹಿಡಿಕೆ ತಿರುಗಿಸಿ ಬಂದರೆ ಯಾರಿಗೂ ಗೊತ್ತಾಗದು. ಎದ್ದಳು ಕೂಡ. ಬಾಗಿಲವರೆಗೆ ಹೋದಳು. ಪಾರ್ಲರಿನ ಕುರ್ಚಿಯಲ್ಲಿ ಸೊಸೆ ಟವೆಲಿನಿಂದ ಮುಖ ಮುಚ್ಚಿಕೊಂಡು ಕೂತದ್ದು ಕಂಡಿತು. ಕತ್ತರಿಯಮ್ಮ ಅಲ್ಲೇ ನಿಂತಳು, ಹಿಡಿಕೆ ಮುಟ್ಟಲಿಲ್ಲ.

ಪ್ಲಂಬರ್ ಬಂದ, ಮಷೀನಿನ ಮುಂದೆ ಬಗ್ಗಿದ, ಒಂದೇ ನಿಮಿಷಕ್ಕೆ ಎದ್ದ. "ಮಷೀನ್ ಗುಂಡುಕಲ್ಲು. ಯಾರೋ ಹಿಡಿಕೆ ತಿರುಗಿಸಿದ್ದಾರೆ ಅಷ್ಟೇ."

ಸೊಸೆ ತಿರುಗಿ ನೋಡಿದಳು. ಚೂಟಿ ಶಾಲೆಗೆ ಹೋಗಿದ್ದಾಳೆ, ಗಂಡ ಕೆಲಸಕ್ಕೆ ಹೋಗಿದ್ದಾನೆ. ಉಳಿದವರು ಒಬ್ಬರೇ.

"ನಾನೇ," ಎಂದಳು ಕತ್ತರಿಯಮ್ಮ. "ಮೀನಿಗೆ ಬಾವಿ ನೀರು ಬೇಕಿತ್ತು. ವಾಪಸ್ ತಿರುಗಿಸೋದು ಮರೆತೆ."

"ಬೇಕು ಅಂತ ಮಾಡಿದ್ರಾ?"

"ಇಲ್ಲ ಕಣೇ. ನನ್ನಾಣೆಗೂ ಮರೆತೆ."

ಪ್ಲಂಬರ್ ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರು ಸಮಾಧಾನ ಮಾಡಲು ಹೋಗಿಯೇ ಮನೆ ಹತ್ತಿಸುತ್ತಾರೆ. "ಅದಕ್ಕೇ ಆವತ್ತು ಹೇಳಿದ್ದು ನಾನು. ಎಲ್ಲರ ಮನೇಲೂ ಹೊರಗಿನ ನಲ್ಲಿ ಒಂದನ್ನ ಹಾಗೇ ಬಿಡ್ತೀವಿ, ಗಿಡಕ್ಕೆ, ಪ್ರಾಣಿಗೆ ಬೇಕಾಗತ್ತೆ ಅಂದೆ. ಅಮ್ಮಾವ್ರೇ ಬೇಡ ಅಂದ್ರು."

ಸೊಸೆ ಅತ್ತೆಯ ಕಡೆ ತಿರುಗಿದಳು.

ಕತ್ತರಿಯಮ್ಮನಿಗೆ ಆ ದಿನ ಒಮ್ಮೆಲೇ ಕಣ್ಣ ಮುಂದೆ ಬಂತು. 'ಹೊರಗಿನ ನಲ್ಲಿ ಬಿಡಲಾ ಅಮ್ಮ?' ಎಂದು ಅವನು ಕೇಳಿದ್ದ. 'ಅರೆಬರೆ ಕೆಲಸ ನನಗಾಗಲ್ಲ. ಕಾರ್ಖಾನೇಲಿ ನನ್ನ ಮೇಜಿನ ಮೇಲೆ ಒಂದು ತುಂಡು ಬಟ್ಟೆ ಮಿಕ್ಕಿದ್ದಿಲ್ಲ. ಮನೇಲಿ ಒಂದು ನಲ್ಲಿ ಮಿಗಿಸ್ತೀಯಾ? ಎಲ್ಲಾ ಸೇರಿಸು,' ಎಂದು ಅವಳೇ ಬೆರಳು ತೋರಿಸಿ ಹೇಳಿದ್ದಳು. ಆಮೇಲೆ ಮರೆತೇಬಿಟ್ಟಿದ್ದಳು. ಮರೆವು ಮನುಷ್ಯನಿಗೆ ಬೇಕಾದ ಕಡೆ, ಬೇಕಾದಷ್ಟೇ ಬರುತ್ತದೆ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡು, ಕಲ್ಲು ಹಾಕಿದವರು ಯಾರೆಂದು ಊರೆಲ್ಲ ಹುಡುಕಿದ್ದಳು. ಅಷ್ಟು ಸಾಲದೆ ಈ ಹುಡುಗಿಯನ್ನು ದುರಾಸೆಯವಳೆಂದಿದ್ದಳು.

ಸೊಸೆ ಟವೆಲು ಮಡಚಿ ಕುರ್ಚಿಯ ಮೇಲಿಟ್ಟಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ತಪ್ಪು ನಂದು," ಎಂದಳು ಕತ್ತರಿಯಮ್ಮ.

ಮೂವತ್ತೊಂದು ವರ್ಷ ಕತ್ತರಿ ಹಿಡಿದವಳು, ಒಮ್ಮೆಯೂ ತಪ್ಪಾಗಿ ಕತ್ತರಿಸದವಳು ಎಂದು ಹೆಸರಾದವಳು. ಆ ಎರಡು ಮಾತು ಅವಳ ಬಾಯಲ್ಲಿ ಯಾರೂ ಕೇಳಿದ್ದಿಲ್ಲ. ಆಡಿದ ಮೇಲೆ ಅವಳಿಗೇ ಕಿವಿ ಬಿಸಿಯಾಯಿತು. ಆದರೂ ನಿಲ್ಲಿಸಲಿಲ್ಲ.

"ನಲ್ಲಿ ಬೇಡ ಅಂದಿದ್ದು ನಾನು. ಬೈದಿದ್ದು ನಿನ್ನ. ಆವತ್ತಿಂದೂ ನನ್ನ ತಪ್ಪೇ, ಇವತ್ತಿಂದೂ ನನ್ನ ತಪ್ಪೇ. ಹೆಡ್ ಮೇಡಂ ಮನೆಗೆ ನಾನೇ ಹೋಗಿ ಹೇಳ್ತೀನಿ. ಇನ್ನೂ ಹೊತ್ತಿದೆ, ಕರ್ಕೊಂಡು ಬರ್ತೀನಿ, ನೀನು ಮತ್ತೆ ತೊಳೆದು ಕೊಡು."

"ಬೈತಾರತ್ತೆ ಅವರು."

"ಬೈಲಿ. ಬೈಸ್ಕೊಳ್ಳೋದು ಬಾಕಿ ಇದೆ ನನಗೆ." ಪ್ಲಂಬರ್‌ನ ಕಡೆ ತಿರುಗಿದಳು. "ನೀನು ಹೋಗಬೇಡ. ಮೋಟಾರಿಗೂ ಮಷೀನಿಗೂ ನಡುವೆ ಪೈಪು ಕತ್ತರಿಸಿ ಒಂದು ನಲ್ಲಿ ಹಾಕು. ನಾನು ಬರೋದ್ರೊಳಗೆ ಆಗಬೇಕು."

ಹೆಡ್ ಮೇಡಂ ಬೈದರು, ಗೇಟಿನ ಬಳಿ ನಿಲ್ಲಿಸಿಕೊಂಡು ಚೆನ್ನಾಗಿಯೇ ಬೈದರು. ಎಲ್ಲ ಬೈದು ಮುಗಿದ ಮೇಲೆ, "ಸರಿ, ನಡೀರಿ," ಎಂದು ಬಂದರು. ಸಂಜೆ ಅವರ ತಲೆ ಮಿಂಚುತ್ತಿತ್ತು. ಬಾವಿಯ ಪಕ್ಕದಲ್ಲಿ ಹೊಸ ಹಿತ್ತಾಳೆಯ ನಲ್ಲಿಯೂ ಮಿಂಚುತ್ತಿತ್ತು. ಸೊಸೆ ಅದರ ಕೆಳಗೆ ಕೆಟಲ್ ಹಿಡಿದು ತುಂಬಿಕೊಂಡು ಹೋದಳು. ಆ ದಿನದ ಟೀ ಕುಡಿದ ಮಗ ಲೋಟ ಕೆಳಗಿಟ್ಟು, "ಅಬ್ಬಾ," ಎಂದ.

"ಎರಡು ತಿಂಗಳು ಯಾಕ್ರೀ ಬಾಯಿಗೆ ಬೀಗ ಹಾಕ್ಕೊಂಡಿದ್ರಿ?" ಎಂದಳು ಸೊಸೆ.

"ಮನೆ ಶಾಂತಿಗೆ."

"ಭಾರೀ ಶಾಂತಿ ಸಿಕ್ತು!"

ಒಂದನೇ ತಾರೀಕಿಗೆ ಇನ್ನು ಐದು ದಿನ. ಕತ್ತರಿಯಮ್ಮ ಚೊಂಬಿನ ಲೆಕ್ಕ ತಪ್ಪಿಸಲಿಲ್ಲ. ಅವಳಿಗೆ ಸೊಂಟ ಹಿಡಿದರೆ ಸೊಸೆ ಹಾಕಿದಳು, ಸೊಸೆಗೆ ಗಿರಾಕಿ ಇದ್ದರೆ ಚೂಟಿ ಹಾಕಿದಳು. ನಡುಕ ನಿಂತಿತು. ಮುಚ್ಚಿದ್ದ ರೆಕ್ಕೆಗಳು ಬಿಚ್ಚಿಕೊಂಡವು. ಒಂದು ಬಡಕಲು ಗಂಡು ಮಾತ್ರ ಚೇತರಿಸಿಕೊಳ್ಳದೆ ನೀರಿನ ಮೇಲ್ಭಾಗದಲ್ಲೇ ನಿಂತಿರುತ್ತಿತ್ತು.

ಒಂದನೇ ತಾರೀಕು ಬೆಳಿಗ್ಗೆ ಅದು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು.

ಕತ್ತರಿಯಮ್ಮ ಬಹಳ ಹೊತ್ತು ನೋಡುತ್ತ ನಿಂತಳು. ಆಮೇಲೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ರಬ್ಬರ್ ಪೈಪು ತಂದಳು, ಒಂದು ತುದಿಯನ್ನು ತೊಟ್ಟಿಗೆ ಬಿಟ್ಟು ಇನ್ನೊಂದನ್ನು ಬಕೆಟ್ಟಿಗೆ ಇಳಿಸಿದಳು. ನೀರು ಸುರಿಯತೊಡಗಿತು. ಅದೇ ಹೊತ್ತಿಗೆ ಹೊರಗೆ ಗಾಡಿ ನಿಂತಿತು. ಇಬ್ಬರು ಆಳುಗಳು ಪ್ಲಾಸ್ಟಿಕ್ ಸುತ್ತಿದ ಹೊಸ ಕುರ್ಚಿಯನ್ನು ಹೊತ್ತು ತಂದು ಬಾಗಿಲಲ್ಲಿ ಇಳಿಸಿದರು.

ಮಗ ಹಲ್ಲುಜ್ಜುವ ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ಬಂದ. "ಏನ್ಮಾಡ್ತಿದ್ದೀಯ ಅಮ್ಮ?"

"ಕಾಣಲ್ವಾ? ಒಂದು ಸತ್ತಿದೆ."

"ಬಿಡಮ್ಮ, ನೀನೇನೋ ಸಿಟ್ಟಲ್ಲಿ ಅಂದಿದ್ದು. ಉಳಿದವು ಚೆನ್ನಾಗಿವೆಯಲ್ಲ."

"ಮಾತು ಮಾತೇ. ನೀರು ಇಳಿದ ಮೇಲೆ ಇವನ್ನ ಅಂಗಡಿಯವನಿಗೆ ಕೊಟ್ಟು ಬರ್ತೀನಿ. ದಾರಿ ಬಿಡು, ಕುರ್ಚಿ ಒಳಗೆ ಬರ್ಲಿ." ಅವಳ ಧ್ವನಿ ಗಟ್ಟಿಯಾಗಿತ್ತು. ಕಣ್ಣು ಮಾತ್ರ ಬಕೆಟ್ಟಿನ ಕಡೆ ಇರಲಿಲ್ಲ.

ಬಕೆಟ್ಟಿನ ಕಡೆ ನೋಡುತ್ತಿದ್ದವಳು ಚೂಟಿ. "ಅಜ್ಜಿ, ಪೈಪು ತೆಗಿ! ಬೇಗ ತೆಗಿ!"

"ಯಾಕೆ?"

"ಬಕೆಟ್ಟಲ್ಲಿ ಏನೋ ಇದೆ!"

ಸೊಸೆಯೂ ಓಡಿಬಂದಳು, ನಾಲ್ವರೂ ಬಗ್ಗಿದರು. ಬಕೆಟ್ಟಿನ ನೀರಿನಲ್ಲಿ ಎಳ್ಳುಕಾಳಿನಷ್ಟು ಕಪ್ಪು ಜೀವಗಳು ಓಡಾಡುತ್ತಿದ್ದವು. ಒಂದು, ಮೂರು, ಆರು. ತೊಟ್ಟಿಯ ಗಿಡದ ಎಲೆಗಳ ನಡುವೆ ಇನ್ನಷ್ಟು. ಸೂಪರ್‌ವೈಸರ್ ಹೊಟ್ಟೆ ಇಳಿದು ಹಗುರಾಗಿ, ಇಳಿದ ನೀರಿನಲ್ಲೇ ಮೂಲೆಯಿಂದ ಮೂಲೆಗೆ ಸುತ್ತುತ್ತಿತ್ತು. ಕತ್ತರಿಯಮ್ಮನ ಕೈ ಪೈಪನ್ನು ತಾನಾಗಿ ಎತ್ತಿತು.

"ಹದಿನಾಲ್ಕು!" ಚೂಟಿ ಕೂಗಿದಳು. "ಅಪ್ಪ, ಒಂದು ಸತ್ರೆ ಅಂತ ತಾನೆ ಮಾತಾಗಿದ್ದು? ಹದಿನಾಲ್ಕು ಹುಟ್ಟಿದ್ರೆ ಏನು ಅಂತ ಮಾತಾಗಿರ್ಲಿಲ್ಲ."

"ಆಗಿರ್ಲಿಲ್ಲ," ಎಂದ ಮಗ, ಬಾಯಿಯ ನೊರೆ ಒರೆಸಿಕೊಳ್ಳುತ್ತ.

"ಮಾತು ಕೊಟ್ಟಿದ್ದೀನಿ ಕಣೋ," ಎಂದಳು ಕತ್ತರಿಯಮ್ಮ. ಈ ಸಲ ಧ್ವನಿ ಒಡೆಯಿತು.

ಆಗ ಸೊಸೆ ಮುಂದೆ ಬಂದಳು. "ಯಾರಿಗೆ ಕೊಟ್ಟಿದ್ದು ಅತ್ತೆ? ಇವರಿಗೆ. ಪಾರ್ಲರ್ ಯಾರದ್ದು? ನಂದು. ನನ್ನ ಪಾರ್ಲರಿನ ಮೂಲೆ ಮೇಲೆ ನೀವಿಬ್ರೂ ಪಂಥ ಕಟ್ಟೋಕೆ ಯಾರು? ನನ್ನನ್ನ ಕೇಳಿದ್ರಾ? ತೊಟ್ಟಿ ಇಲ್ಲೇ ಇರತ್ತೆ. ಹೆಡ್ ಮೇಡಂ ಮೊನ್ನೆ ಹೋಗುವಾಗ ಕೇಳಿದ್ರು, ಮುಂದಿನ ಸಲ ಮೀನು ಕಾಣೋ ಹಾಗೆ ಕೂರಿಸ್ತೀಯಾ ಅಂತ."

ಆಳುಗಳಲ್ಲಿ ಒಬ್ಬ ಬೆವರು ಒರೆಸಿಕೊಂಡ. "ಅಮ್ಮಾ, ಕುರ್ಚಿ ಎಲ್ಲಿಡೋದು ಅಂತ ಯಾರಾದ್ರೂ ಹೇಳಿ."

ಕತ್ತರಿಯಮ್ಮ ಬಕೆಟ್ಟಿನ ನೀರನ್ನು ಚೊಂಬಿನಿಂದ ಮೆಲ್ಲಗೆ ತೊಟ್ಟಿಗೆ ವಾಪಸು ಬಿಟ್ಟಳು. ಒಂದು ಮರಿಯೂ ಉಳಿದಿಲ್ಲವೆಂದು 'ಹದಿನಾಲ್ಕು' ಬರುವವರೆಗೆ ಎಣಿಸಿಕೊಂಡಳು. ಆಮೇಲೆ ಕೈ ಒರೆಸಿಕೊಂಡು, ತನ್ನ ಪೆಟ್ಟಿಗೆಯಿಂದ ಕಾರ್ಖಾನೆಯ ಕಾಲದ ಅಳತೆಪಟ್ಟಿ ತಂದಳು. ಎದುರು ಗೋಡೆಗೆ ಹಿಡಿದು ಅಳೆದಳು. ಇನ್ನೊಮ್ಮೆ ಅಳೆದಳು.

"ಎರಡಿಂಚು ಸಾಲದು," ಎಂದಳು. "ತಲೆ ತೊಳೆಯೋ ಬೇಸಿನ್ ಆ ಕಡೆ ಸರಿದ್ರೆ ಕೂರತ್ತೆ."

"ಹಾಗಾದ್ರೆ ಪ್ಲಂಬರ್ ಬರಬೇಕು," ಎಂದಳು ಸೊಸೆ.

"ಕರೆಸು." ಅತ್ತೆ ಅಳತೆಪಟ್ಟಿಯನ್ನು ಸುರುಳಿ ಸುತ್ತಿ ಸೊಸೆಯ ಕೈಗಿಟ್ಟಳು. "ಈ ಸಲ ಅವನು ಕೇಳಿದ್ದಕ್ಕೆಲ್ಲ ನೀನೇ ಉತ್ತರ ಕೊಡು. ನಾನು ಒಳಗೆ ಟೀ ಮಾಡ್ತಿರ್ತೀನಿ."